ಹಳೆಯ ವಿಳಾಸದ ಮತದಾರರು

ಆ ಬಡಗಿಯನ್ನು ಎಲ್ಲರೂ ಮೈಕು ಎಂದೇ ಕರೆಯುತ್ತಿದ್ದರು. ಪೀಠೋಪಕರಣದ ಅಂಗಡಿಯೊಂದರ ಹಿಂದಿನ ಶೆಡ್ಡಿನಲ್ಲಿ ಮಂಚ, ಮೇಜು, ಬೀರು ಮಾಡುವುದು ಅವನ ಕೆಲಸ. ಗಂಟಲು ಮಾತ್ರ ಯಾವುದೋ ನಾಟಕದವನಿಗೆ ಹೋಗಬೇಕಾದದ್ದು ದಾರಿ ತಪ್ಪಿ ಅವನಿಗೆ ಬಂದಿತ್ತು. ಚುನಾವಣೆ ಬಂತೆಂದರೆ ಅವನ ಪಕ್ಷದವರು ಅವನನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿ ಕೈಗೆ ಮೈಕು ಕೊಡುತ್ತಿದ್ದರು. ಅವನು ಕೂಲಿ ಕೇಳುತ್ತಿರಲಿಲ್ಲ. ಅಪ್ಪ ಹಿಡಿದ ಬಾವುಟ, ತಾನೂ ಹಿಡಿದಿದ್ದೇನೆ ಎನ್ನುತ್ತಿದ್ದ. ಅವನ ಅಣ್ಣ ಮಾತ್ರ, ಅಪ್ಪನ ಮೇಲಿನ ಸಿಟ್ಟಿಗೋ ಏನೋ, ಎದುರು ಪಕ್ಷಕ್ಕೆ ಸೇರಿದವನು. ಅಣ್ಣತಮ್ಮಂದಿರು ಸೇರಿದರೆ ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುವಷ್ಟು ಜೋರು ವಾದ ನಡೆಯುತ್ತಿತ್ತು. ವಾದ ಮುಗಿದ ಮೇಲೆ ಒಂದೇ ತಟ್ಟೆಯಿಂದ ಇಬ್ಬರೂ ತಿನ್ನುತ್ತಿದ್ದರು.

ಮೈಕುವಿನ ಹೆಂಡತಿ ಅವನ ಮುಖಕ್ಕಿಂತ ಮೊದಲು ಕಂಡದ್ದು, ಅಂದರೆ ಕೇಳಿದ್ದು, ಅವನ ದನಿಯನ್ನು. ತವರಿನ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳಂತೆ. ಬೀದಿಯ ತುದಿಯಿಂದ ಆ ದನಿ ಬಂದಾಗ ಒದ್ದೆ ಹೊದಿಕೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳಂತೆ. “ಏನು ಹೇಳ್ತಿದ್ರೋ ಒಂದಕ್ಷರ ತಲೆಗೆ ಹೋಗಲಿಲ್ಲ. ದನಿ ಮಾತ್ರ ಹೋಯ್ತು,” ಎಂದು ಮದುವೆಯಾದ ಮೇಲೆ ಹೇಳಿ ನಗುತ್ತಿದ್ದಳು.

ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗೈಯಗಲದ ಅಂಗಳ ಇದ್ದ ಬಾಡಿಗೆ ಮನೆಯಲ್ಲಿ ಅವರ ಸಂಸಾರ ಬೆಳೆಯಿತು. ಒಬ್ಬಳೇ ಮಗಳು ಅಲ್ಲೇ ಹುಟ್ಟಿ, ಅಲ್ಲೇ ಓದಿ, ದೂರದ ಊರಿನ ನರ್ಸಿಂಗ್ ಶಾಲೆಗೆ ಸೇರಿದಳು.

ಬದುಕು ಒಂದೇ ದಿನ ಕೈಮೀರಲಿಲ್ಲ. ಮೊದಲು ಹಣ್ಣು ನಿಂತಿತು. ಆಮೇಲೆ ಎಣ್ಣೆಯ ಡಬ್ಬಿ ಚಿಕ್ಕದಾಯಿತು. ಗ್ಯಾಸು ಉಳಿಯಲೆಂದು ಬೆಳಗ್ಗೆಯೇ ಸಂಜೆಯ ಅಡುಗೆಯೂ ಆಗತೊಡಗಿತು. “ಆರಿದ ಊಟ ಮಾಡಿದ್ರೆ ಕೋಪ ಕಡಿಮೆ ಆಗುತ್ತಂತೆ,” ಎಂದು ಅವಳು ತಮಾಷೆ ಮಾಡಿದರೆ, “ಯಾರ ಕೋಪ?” ಎಂದು ಅವನು ಕೇಳುತ್ತಿದ್ದ. ಶೆಡ್ಡಿನಲ್ಲೂ ಕೆಲಸ ಸೊರಗಿತು. ಜನ ಹೊಸ ಮಂಚ ಮಾಡಿಸುವುದನ್ನು ಬಿಟ್ಟು ಹಳೆಯದರ ಕಾಲಿಗೆ ಮೊಳೆ ಹೊಡೆಸಲು ಬರುತ್ತಿದ್ದರು. ಮಾಲೀಕ ಇನ್ನು ಅರ್ಧ ವಾರವಷ್ಟೇ ಕೆಲಸ ಎಂದ. ಅದೇ ವರ್ಷ ನರ್ಸಿಂಗ್ ಶಾಲೆ ಶುಲ್ಕ ಏರಿಸಿತು, ಮನೆಯೊಡತಿ ಬಾಡಿಗೆ ಏರಿಸಿದಳು. ಅವಳೇನೂ ಕೆಟ್ಟವಳಲ್ಲ. “ನನಗೂ ಎಲ್ಲ ಏರಿದೆಯಪ್ಪ, ನಾನೇನು ಮಾಡ್ಲಿ,” ಎಂದು ಮುಖ ಬೇರೆ ಕಡೆ ತಿರುಗಿಸಿಯೇ ಹೇಳಿದಳು.

ದಾರಿ ಹುಡುಕಿದವಳು ಹೆಂಡತಿ. ಊರಿನ ಆಚೆ ಮಗ್ಗುಲಲ್ಲಿ ದುಡಿಯುವ ಹೆಂಗಸರ ಹಾಸ್ಟೆಲ್ಲೊಂದಿತ್ತು. ಅಲ್ಲಿಗೆ ಅಡುಗೆಯವಳು ಬೇಕಾಗಿತ್ತು. ಊಟ, ವಸತಿ ಅಲ್ಲೇ; ಸಂಬಳ ಹಾಗೆಯೇ ಮಗಳಿಗೆ ಕಳಿಸಬಹುದು.

“ನೀವು ಅಣ್ಣನ ಮನೇಲಿರಿ,” ಎಂದಳು. “ಹಾಲ್‌ನಲ್ಲಿ ಒಂದು ಹಾಸಿಗೆ ಹಾಸೋಕೆ ನಿಮ್ಮತ್ತಿಗೆ ಬೇಡ ಅನ್ನಲ್ಲ.”

“ಇಷ್ಟು ವರ್ಷ ಸಂಸಾರ ಮಾಡಿ ಮತ್ತೆ ಬ್ರಹ್ಮಚಾರಿ ಆಗ್ಬೇಕಾ?”

“ಮಗಳ ಓದು ಮುಗಿಯೋವರೆಗೆ ರೀ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗಿದುಹೋಗುತ್ತೆ.”

ಸಾಮಾನುಗಳಲ್ಲಿ ಕೆಲವು ಮಾರಿಹೋದವು. ತನ್ನ ಮದುವೆಗೆಂದು ಅವನೇ ಮಾಡಿದ ಮಂಚವನ್ನು ಮನೆಯೊಡತಿಯೇ ಕೊಂಡಳು, ಬರುವ ಬಾಡಿಗೆದಾರರಿಗೆ ಇರಲಿ ಎಂದು. ಅದನ್ನು ಬಿಚ್ಚಿ ಹೊರಗೆ ಸಾಗಿಸುವ ತೊಂದರೆಯೂ ತಪ್ಪಿತು. ಬೀಗದ ಕೈ ಕೊಟ್ಟು ಇಬ್ಬರೂ ಬೀದಿಗಿಳಿದಾಗ ಅವಳು ಬಲಕ್ಕೆ, ಅವನು ಎಡಕ್ಕೆ ಹೋಗಬೇಕಿತ್ತು. “ಊಟ ಬಿಡಬೇಡಿ,” ಎಂದಳು. ಅಷ್ಟೇ.

ಅಣ್ಣನ ಮನೆಯಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಅತ್ತಿಗೆ ಹೊಟ್ಟೆ ತುಂಬ ಬಡಿಸುತ್ತಿದ್ದಳು. ಆದರೆ ಅಣ್ಣನ ಮನೆಯ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಅಣ್ಣನ ಜತೆ ವಾದ ಮಾಡುವುದಾದರೂ ಹೇಗೆ? ಅಣ್ಣ ಬೇಕೆಂದೇ ಕೆಣಕುತ್ತಿದ್ದ. “ನೋಡು, ನಿಮ್ಮವರು ಈರುಳ್ಳಿಗೂ ಕಣ್ಣೀರು ಬರೋ ಹಾಗೆ ಮಾಡಿದ್ರು.” ತಮ್ಮ “ಹೌದು ಅಣ್ಣ” ಎಂದು ತಲೆ ತಗ್ಗಿಸಿ ಉಣ್ಣುತ್ತಿದ್ದ. ಅಣ್ಣನಿಗೆ ಗೆದ್ದ ಖುಷಿಯೇ ಆಗುತ್ತಿರಲಿಲ್ಲ. ಮುಖ ಊದಿಸಿಕೊಂಡು ಏಳುತ್ತಿದ್ದ.

ಸಂಜೆ ಮೈಕು ಹೆಂಡತಿಗೆ ಫೋನು ಮಾಡುತ್ತಿದ್ದ. ಹಾಲ್‌ನಲ್ಲಿ ಟಿವಿ, ಟಿವಿಯ ಮುಂದೆ ಅಣ್ಣ, ಅತ್ತಿಗೆ. ಅತ್ತ ಅವಳ ಸುತ್ತಲೂ ತರಕಾರಿ ಹೆಚ್ಚುವ ಹೆಂಗಸರು.

“ಊಟ ಆಯ್ತಾ?”

“ಆಯ್ತು. ನಿಮ್ದು?”

“ಆಯ್ತು.”

ಸಂಸಾರದಲ್ಲಿ ಅವಳು ಎಷ್ಟು ಮಾತಾಡುತ್ತಿದ್ದಳು ಎಂಬುದು ಅವನಿಗೆ ಈಗ ತಿಳಿಯಿತು. ಅಡುಗೆಮನೆಯಿಂದ ಗೋಡೆಯಾಚೆಗೆ ಕೇಳುವಂತೆ ತನ್ನಷ್ಟಕ್ಕೆ ಗೊಣಗುತ್ತಿದ್ದಳು: ಬದನೆಯಲ್ಲಿ ಹುಳು, ಹಾಲಿನವನ ನೀರು, ಪಕ್ಕದ ಮನೆಯವಳ ಜಂಬ. ಆಗ ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಈಗ ಶೆಡ್ಡಿನಲ್ಲಿ ಹಲಗೆ ನುಣುಪಾಗಲೆಂದು ರಂದ ಹಾಕುತ್ತಿರುವಾಗ, ರಂದ ನಿಂತು ಸದ್ದಡಗಿದ ಗಳಿಗೆಯಲ್ಲಿ, ಆ ಗೊಣಗಾಟಕ್ಕಾಗಿ ಕಿವಿ ಕಾಯುತ್ತಿತ್ತು.

ಭಾನುವಾರ ಮಧ್ಯಾಹ್ನದ ಅಡುಗೆ ಮುಗಿಸಿ ಅವಳಿಗೆ ಬಿಡುವು. ಹಾಸ್ಟೆಲ್ಲಿನ ಗೇಟು ದಾಟಿ ಗಂಡಸರಿಗೆ ಪ್ರವೇಶವಿಲ್ಲ. ಇಬ್ಬರೂ ಉದ್ಯಾನದ ಬೆಂಚಿನ ಮೇಲೆ ಕೂರುತ್ತಿದ್ದರು. ಅವಳ ಕೈಯಿಂದ ಹಾಸ್ಟೆಲ್ಲಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ತಮ್ಮ ಮನೆಯ ವಾಸನೆಯಲ್ಲ. ಎದುರಿನ ಬೆಂಚುಗಳಲ್ಲಿ ಪ್ರಾಯದ ಜೋಡಿಗಳು.

“ಅವರಪ್ಪ ಅಮ್ಮ ನೋಡ್ತಾರೆ ಅಂತ ಅವರಿಗೆ ಭಯ. ನಮಗೆ ಮಗಳು ನೋಡಿದ್ರೆ ಅಂತ ಭಯ,” ಎನ್ನುತ್ತಿದ್ದಳು ಅವಳು. ಒಮ್ಮೆ ಅವನು ಅವಳ ಹೆಗಲ ಮೇಲೆ ಕೈಯಿಟ್ಟ; ಉದ್ಯಾನದ ಕಾವಲುಗಾರ ಕೆಮ್ಮಿದ. ಅವನು ಕೈ ತೆಗೆದ.

ಹಾಗಿರುವಾಗ ಚುನಾವಣೆ ಬಂತು. ಪಕ್ಷದ ಬೀದಿ ಕಾರ್ಯದರ್ಶಿ ಶೆಡ್ಡಿಗೇ ಬಂದು ಬೆನ್ನು ತಟ್ಟಿದ. “ನೀನಿಲ್ಲದೆ ವ್ಯಾನು ಮೂಕ ಕಣೋ. ನಾಳೆಯಿಂದ ಶುರು.” ಹೇಗೂ ಕೆಲಸವಿಲ್ಲದ ದಿನಗಳಿದ್ದವು. ಮೈಕು ಕೈಗೆ ಬಂದಾಗ ಅವನಿಗೆ ತನ್ನ ಹಳೆಯ ಜೀವ ಒಂದಿಷ್ಟು ಮರಳಿದಂತಾಯಿತು. ಅಣ್ಣನ ಹಾಲ್‌ನಲ್ಲಿ ಮಡಚಿಟ್ಟಿದ್ದ ದನಿ ಬೀದಿಯಲ್ಲಿ ಬಿಚ್ಚಿಕೊಂಡಿತು.

ಮೂರನೆಯ ದಿನ ಅವನು ಚಾಲಕನಿಗೆ, “ಆ ಹಾಸ್ಟೆಲ್ ಬೀದಿ ಕಡೆಯಿಂದ ಹೋಗೋಣ,” ಎಂದ.

“ಅದು ನಮ್ಮ ಪಟ್ಟಿಯಲ್ಲಿಲ್ಲವಲ್ಲ.”

“ಅಲ್ಲೂ ಮತದಾರರಿದ್ದಾರೆ ಮಾರಾಯ, ತಿರುಗಿಸು.”

ನಿಜವಾಗಿ ಅವನಿಗೆ ಬೇಕಾಗಿದ್ದ ಮತದಾರಳು ಒಬ್ಬಳೇ. ಬೀದಿಯ ತುದಿಯಲ್ಲೇ ಅವನು ದನಿಯನ್ನು ತೆರೆದ. ಕಾರ್ಯದರ್ಶಿ ಬರೆದುಕೊಟ್ಟ ಸಾಲುಗಳು ಅವನಿಗೆ ಬಾಯಿಪಾಠವಾಗಿದ್ದವು. ಬೆಲೆಗಳು ಹತೋಟಿಯಲ್ಲಿವೆ, ಮಹನೀಯರೇ. ಮನೆ ಮನೆಯ ಒಲೆಯೂ ಇಂದು ನಗುನಗುತ್ತ ಉರಿಯುತ್ತಿದೆ. ಹಾಸ್ಟೆಲ್ಲಿನ ಗೇಟು ಹತ್ತಿರವಾಗುತ್ತಿದ್ದಂತೆ ಅವಳು ಓಡಿಬಂದದ್ದು ಕಂಡಿತು. ಕೈಗಳಿಗೆ ಹಿಟ್ಟು ಮೆತ್ತಿತ್ತು. ಮುಖದಲ್ಲಿ ಅಂದು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಆ ಹುಡುಗಿಯ ನಗು. ಅವನು ಇನ್ನೂ ಉತ್ಸಾಹದಿಂದ ಒಲೆಯ ಸಾಲನ್ನು ಮತ್ತೊಮ್ಮೆ ಹೇಳಿದ. ಗೇಟಿನಲ್ಲಿದ್ದ ಒಬ್ಬ ಹೆಂಗಸು ಗೊಳ್ಳನೆ ನಕ್ಕಳು. ಹೆಂಡತಿಯ ಮುಖದ ನಗು ನಿಧಾನವಾಗಿ ಇಳಿಯಿತು. ವ್ಯಾನು ಮುಂದೆ ಹೋಯಿತು.

ಆ ಭಾನುವಾರ ಇಬ್ಬರೂ ಬೆಂಚಿನ ಮೇಲೆ ಕೂತರು. ಅವನೇ ಕೇಳಿದ. “ಕೇಳಿಸ್ತಾ ಅವತ್ತು?”

“ಕೇಳಿಸ್ತು. ಹಿಟ್ಟು ನಾದ್ತಾ ಇದ್ದೆ. ದನಿ ಕೇಳಿದ ಕೂಡ್ಲೆ ಎಲ್ಲ ಬಿಟ್ಟು ಓಡಿಬಂದೆ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಆಮೇಲೆ ನೀವು ಏನು ಹೇಳ್ತಿದ್ದೀರಿ ಅನ್ನೋದೂ ಕೇಳಿಸ್ತು.”

ಅವನು ಬೆಂಚಿನ ಅಂಚಿನ ಸೀಳನ್ನು ಉಗುರಿನಿಂದ ಕೆರೆದ.

“ನಮ್ಮ ಒಲೆ ಎಲ್ಲಿ ಉರೀತಿದೆ ರೀ?”

“ಅದು ಬರೆದುಕೊಟ್ಟಿದ್ದು. ಅಧಿಕಾರದಲ್ಲಿರೋರು ಎಲ್ಲರೂ ಅದನ್ನೇ ಹೇಳೋದು.”

“ಬೇರೆಯವರು ಹೇಳಿದ್ರೆ ನಾನು ಕಿಟಕಿ ಮುಚ್ಕೋತೀನಿ. ನಿಮ್ಮ ದನಿಗೆ ಮುಚ್ಚೋಕೆ ಮನಸ್ಸು ಬರಲ್ಲ, ಅದೇ ಕಷ್ಟ. ಅಲ್ಲಿ ಇರೋರೆಲ್ಲ ನನ್ನ ಥರದವರೇ. ಒಬ್ಬಳು ಮಗುನ ಅಮ್ಮನ ಹತ್ರ ಬಿಟ್ಟಿದ್ದಾಳೆ. ಇನ್ನೊಬ್ಬಳ ಗಂಡ ಲಾರೀಲೇ ಮಲಗ್ತಾನೆ. ಅವತ್ತು ನಕ್ಕಳಲ್ಲ, ಅವಳೇ. ‘ಯಾರು ಅಡುಗೆಯಕ್ಕಾ, ಆ ಸುಳ್ಳುಗಾರ? ದನಿ ಮಾತ್ರ ಚೆನ್ನಾಗಿದೆ’ ಅಂದಳು. ನನ್ನ ಗಂಡ ಅಂತ ಹೇಳೋಕೆ ಬಾಯಿ ಬರಲಿಲ್ಲ.”

ಇದನ್ನು ಅವಳು ಜಗಳಕ್ಕೆಂದು ಹೇಳಿರಲಿಲ್ಲ. ಹೇಳಿ ಮುಗಿಸಿ, ತಂದಿದ್ದ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಅವನ ಮುಂದೆ ಹಿಡಿದಳು. ಅವನು ಒಂದು ತುಂಡು ಮುರಿದು ಕೈಯಲ್ಲೇ ಹಿಡಿದುಕೊಂಡ. ಅವಳು ಬಾಯಿ ಬರಲಿಲ್ಲ ಎಂದದ್ದೇ ರಾತ್ರಿಯೆಲ್ಲ ಅವನನ್ನು ಕೊರೆಯಿತು.

ಮರುದಿನ ಅವನು ಕಾರ್ಯದರ್ಶಿಯ ಮನೆಗೆ ಹೋಗಿ ಮೈಕು ಹಿಡಿಯುವುದಿಲ್ಲ ಎಂದ.

ಕಾರ್ಯದರ್ಶಿ ಕಣ್ಣು ಕಿರಿದು ಮಾಡಿದ. “ಅಣ್ಣನ ಕಡೆ ಹೋಗ್ತಿದ್ದೀಯಾ? ಅನ್ನ ಹಾಕಿ ಮನಸ್ಸು ತಿರುಗಿಸಿದ್ನಾ?”

“ಯಾರ ಕಡೆಗೂ ಇಲ್ಲ. ಆ ಹಾಸ್ಟೆಲ್ ಬೀದೀಲಿ ನನ್ನ ಹೆಂಡತಿ ಇದ್ದಾಳೆ. ಅವಳಿಗೆ ಕೇಳಿಸುತ್ತೆ.”

“ಆ ಬೀದಿಗೆ ಹೋಗ್ಬೇಡ ಹಾಗಾದ್ರೆ.”

“ಎಲ್ಲಾ ಬೀದೀಲೂ ಯಾರದ್ದೋ ಹೆಂಡತಿ ಇರ್ತಾಳಲ್ಲ,” ಎಂದು ಅವನು ಮೆಲ್ಲಗೆ ಹೇಳಿದ. ಕಾರ್ಯದರ್ಶಿ ಅವನನ್ನು ಬಾಗಿಲವರೆಗೆ ಕಳಿಸಲು ಬರಲಿಲ್ಲ. ಅಪ್ಪನ ಕಾಲದಿಂದ ಇದ್ದ ನಂಟು ಅದು.

ಮತದಾನದ ದಿನ ಅವನು ಬೆಳಗ್ಗೆಯೇ ಮುಖ ಕ್ಷೌರ ಮಾಡಿಕೊಂಡು ಒಗೆದ ಅಂಗಿ ತೊಟ್ಟ. ಮನೆ ಬಿಟ್ಟರೂ ಮತದಾರರ ಪಟ್ಟಿಯಲ್ಲಿ ಇಬ್ಬರ ಹೆಸರೂ ಹಳೆಯ ವಿಳಾಸದಲ್ಲೇ ಉಳಿದಿತ್ತು. ಸರ್ಕಾರದ ಲೆಕ್ಕದಲ್ಲಿ ಅವರು ಇನ್ನೂ ಒಂದೇ ಸೂರಿನಡಿ ಇದ್ದರು. ಹಾಸ್ಟೆಲ್ಲಿನಲ್ಲಿ ಅವಳಿಗೆ ಮಧ್ಯಾಹ್ನದವರೆಗೆ ರಜೆ ಸಿಕ್ಕಿತ್ತು. ಹಳೆಯ ಬೀದಿಯ ಶಾಲೆಯ ಮುಂದೆ ಅವಳು ಕಾಯುತ್ತಿದ್ದಳು.

ಗಂಡಸರ ಸಾಲು ಒಂದು ಕಡೆ, ಹೆಂಗಸರದು ಇನ್ನೊಂದು ಕಡೆ. ನಡುವೆ ಹಗ್ಗ. ಸಾಲು ಆಮೆಯಂತೆ ಸರಿಯುತ್ತಿತ್ತು. ಅವನಿಗೆ ಅದು ಇನ್ನೂ ನಿಧಾನವಾಗಿ ಸರಿಯಲಿ ಎನಿಸಿತು. ಹಗ್ಗದಾಚೆ ಅವಳು ಹಳೆಯ ನೆರೆಯವರೊಡನೆ ಮಾತಿಗಿಳಿದಿದ್ದಳು. ಬದನೆಕಾಯಿ, ಹಾಲು, ಯಾರದೋ ಸೊಸೆಯ ಜಂಬ. ಆ ಮಾತುಗಳನ್ನು ಅವನು ಕಣ್ಣು ಮುಚ್ಚಿ ಕೇಳುತ್ತ ನಿಂತ. ಹಿಂದಿದ್ದವನು, “ಮುಂದೆ ಹೋಗ್ರೀ, ನಿದ್ದೆ ಮಾಡ್ತಿದ್ದೀರಾ?” ಎಂದು ತಳ್ಳಿದ.

ಹೊರಗೆ ಬಂದ ಮೇಲೆ ಅವನು ಪ್ರತಿ ಸಲ ಕೇಳುವಂತೆ, “ನಾನು ಹೇಳಿದವರಿಗೇ ತಾನೆ?” ಎನ್ನಲಿಲ್ಲ. ಈ ಸಲ ಅವನು ಏನೂ ಹೇಳಿಯೇ ಇರಲಿಲ್ಲ.

“ಯಾರಿಗೆ ಹಾಕಿದೆ?”

“ಹೇಳಲ್ಲ,” ಎಂದಳು. “ನೀವು?”

“ತುಂಬಾ ಹೊತ್ತು ಸುಮ್ಮನೆ ನಿಂತಿದ್ದೆ. ಅಧಿಕಾರಿ, ಏನಾದ್ರೂ ತೊಂದರೇನಾ ಅಂತ ಕೇಳಿದ.”

ಇಬ್ಬರೂ ಹಳೆಯ ಮನೆಯ ಮುಂದಿನಿಂದ ನಡೆದರು. ಕಿಟಕಿಗೆ ಬೇರೆ ಪರದೆ ಬಂದಿತ್ತು. ಹೊಸಿಲ ಮೇಲೆ ಕೂತು ತರಕಾರಿ ಬಿಡಿಸುತ್ತಿದ್ದ ಹೊಸ ಬಾಡಿಗೆದಾರಳು ಅವರನ್ನು ನೋಡಿ, “ಮನೆ ನೋಡೋಕೆ ಬಂದ್ರಾ? ಸದ್ಯದಲ್ಲೇ ಖಾಲಿ ಮಾಡ್ತೀವಿ, ಬಾಡಿಗೆ ಇನ್ನೂ ಏರಿಸ್ತಾರಂತೆ,” ಎಂದಳು. ಅವನ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ, “ಇಲ್ಲಮ್ಮ, ಹೀಗೇ ಹೋಗ್ತಿದ್ವಿ,” ಎಂದಳು. ಅವಳು ಅವನ ತೋಳು ಹಿಡಿದಳು; ತಿರುವಿನವರೆಗೂ ಬಿಡಲಿಲ್ಲ. ಹಗಲು ಹೊತ್ತು, ಪರಿಚಯದವರ ಬೀದಿ. ಇಬ್ಬರಿಗೂ ಸಂಕೋಚವಾಗಲಿಲ್ಲ.

ಅಣ್ಣನ ಪಕ್ಷ ಗೆದ್ದಿತು. ಅಣ್ಣ ಸಿಹಿ ತಂದು ತಮ್ಮನ ಬಾಯಿಗೆ ಬಲವಂತವಾಗಿ ತುರುಕಿದ. ಕೆಲವು ತಿಂಗಳಲ್ಲಿ ಅದೇ ಅಣ್ಣ ಮಾರುಕಟ್ಟೆಯಿಂದ ಅರ್ಧ ಖಾಲಿ ಚೀಲದೊಂದಿಗೆ ಬಂದು ಅದನ್ನು ಅಡುಗೆಮನೆಯಲ್ಲಿ ಇಟ್ಟು, ಹಾಲ್‌ನಲ್ಲಿ ತಮ್ಮನೆದುರು ಕೂತ.

“ಏನಾದ್ರೂ ಅನ್ನೋ,” ಎಂದ ಅಣ್ಣ. “ನಿಮ್ಮವರು ಬಂದು ಏನು ಕಿಸಿದ್ರು ಅಂತ ಕೇಳೋ. ನೀನು ಹೀಗೆ ಬಾಯಿ ಕಟ್ಕೊಂಡು ಕೂತ್ರೆ ಮನೆಯೆಲ್ಲ ಬಿಕೋ ಅನ್ನುತ್ತೆ.”

“ಕೇಳ್ತೀನಿ ಅಣ್ಣ. ನನ್ನ ಮನೆ ಅಂತ ಒಂದಾಗಲಿ, ನಿನ್ನ ಅಲ್ಲಿಗೆ ಊಟಕ್ಕೆ ಕರೆದು ಕೇಳ್ತೀನಿ.” ಅಣ್ಣ ಎದ್ದು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಹೊರಗೆ ನೋಡುತ್ತ ನಿಂತ.

ಮುಂದಿನ ವರ್ಷ ಮಗಳ ಓದು ಮುಗಿದು ಓದಿದ ಊರಿನಲ್ಲೇ ಕೆಲಸ ಸಿಕ್ಕಿತು. ಗಂಡ ಹೆಂಡತಿ ಒಂದು ಕೋಣೆ ಹುಡುಕಿದರು. ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆ. ಹಗಲೆಲ್ಲ ನೆಲ ನಡುಗುವುದರಿಂದ ಬಾಡಿಗೆ ಕಡಿಮೆ. ಆದರೂ ಅವನ ಅರ್ಧ ವಾರದ ಕೂಲಿಯೊಂದರಿಂದಲೇ ಅದು ಸಾಗುವಂತಿರಲಿಲ್ಲ. ಹಾಸ್ಟೆಲ್ ಕೆಲಸ ಅವಳು ಬಿಡುವಂತಿಲ್ಲ. ಅಲ್ಲೇ ಉಳಿಯಬೇಕೆಂಬುದು ಅಲ್ಲಿಯ ಕರಾರು. ಮೇಲ್ವಿಚಾರಕಿಯನ್ನು ಕೇಳಿಕೊಂಡು ಶನಿವಾರ ಒಂದು ರಾತ್ರಿಗೆ ಬಿಡುಗಡೆ ಪಡೆದಳು.

ಶನಿವಾರ ಸಂಜೆ ಅವಳು ಬರುತ್ತಾಳೆ. ಬಂದವಳೇ ಡಬ್ಬಿಗಳ ಮುಚ್ಚಳ ತೆಗೆದು ನೋಡಿ, ಅದಿಲ್ಲ, ಇದಿಲ್ಲ, ಇದಕ್ಕೆ ಹುಳು ಬಿದ್ದಿದೆ ಎಂದು ಶುರು ಮಾಡುತ್ತಾಳೆ. ಗಿರಣಿಯ ಸದ್ದಿನಲ್ಲಿ ಅರ್ಧ ಕೇಳಿಸುವುದಿಲ್ಲ. “ಏನಂದೆ?” ಎಂದು ಅವನು ಮತ್ತೆ ಮತ್ತೆ ಕೇಳುತ್ತಾನೆ. ಕೇಳಿಸಿದ್ದನ್ನೂ ಕೇಳುತ್ತಾನೆ. ಅವಳು ಮೂಗು ಮುರಿಯುತ್ತಲೇ ಎಲ್ಲವನ್ನೂ ಇನ್ನೊಮ್ಮೆ ಹೇಳುತ್ತಾಳೆ.