ಕೆಳಮನೆಯಿಂದ ಕೇಳುವ ಹೆಜ್ಜೆ

ತಂಗಿ ಬೊಗ್ಯೊಂಗ್ ತಾನು ನಿರ್ದೇಶಿಸಿದ ಮೊದಲ ಸಿನಿಮಾ ನೋಡಲು ಕರೆದಾಗ ನನಗೆ ಸಂಭ್ರಮಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಕಥೆ ನಮ್ಮ ಅಪಾರ್ಟ್‌ಮೆಂಟಿನದೇ. ಮೇಲೆ ಓಡಾಡುವ ಮಗು, ಕೆಳಗೆ ಕೋಲಿನಿಂದ ಸೂರು ಕುಟ್ಟುವ ಮುದುಕಿ. ಮಗು ನನ್ನ ಮಗಳು ದಾನ್ಬಿ; ಮುದುಕಿ ಕೆಳಮನೆಯ ಪ್ಯೊ ಅಜ್ಜಿ.

ಅಜ್ಜಿಯ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನಮ್ಮಲ್ಲಿ ಸದ್ದಿನ ಜಗಳವನ್ನು ಯಾರೂ ಎದುರುಬದುರು ಆಡುವುದಿಲ್ಲ. ಅವರು ಕಾವಲುಗಾರನಿಗೆ ಫೋನ್ ಮಾಡುತ್ತಾರೆ, ಅವನು ನಮಗೆ ಮಾಡುತ್ತಾನೆ. ನೆಲಕ್ಕೆ ದಪ್ಪ ಚಾಪೆ ಹಾಸಿದ್ದೆ, ಮಗುವಿಗೆ ಮೆತ್ತನೆಯ ಚಪ್ಪಲಿ ತೊಡಿಸಿದ್ದೆ. ಆದರೂ ಫೋನ್ ನಿಂತಿರಲಿಲ್ಲ.

"ಅಜ್ಜೀನೂ ಕರ್ದಿದೀನಿ ಅಕ್ಕ. ಅಕ್ಕಿ ಕಡುಬು ಕೊಟ್ಟು ಕರ್ದೆ," ಎಂದಳು ಬೊಗ್ಯೊಂಗ್.

"ತಲೆ ಕೆಟ್ಟಿದ್ಯೇನೇ? ಅವರನ್ನೇ ರಾಕ್ಷಸಿ ಮಾಡಿ ಅವರಿಗೇ ತೋರಿಸ್ತೀಯಾ? ನಾಳೆಯಿಂದ ಆ ಮನೇಲಿ ಇರಬೇಕಾದೋಳು ನಾನು!"

"ಪೂರ್ತಿ ನೋಡು. ಆಮೇಲೆ ಬೈಯಿ."

ಚಿತ್ರಮಂದಿರದಲ್ಲಿ ಅಜ್ಜಿ ನನ್ನ ಪಕ್ಕದಲ್ಲೇ ಕುಳಿತರು. ಚಿತ್ರ ಕೆಳಮನೆಯನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಮುದುಕಿ ಒಬ್ಬಳೇ ಊಟಕ್ಕೆ ಕೂರುತ್ತಾಳೆ, ಮೇಲೆ ದಡದಡ, ಅವಳ ಚಮಚ ನಡುಗುತ್ತದೆ. ನನ್ನ ಮಗಳ ಓಟ ಕೆಳಗಿನಿಂದ ಹೀಗೆ ಕೇಳುತ್ತದೆಂದು ನನಗೆ ತಿಳಿದೇ ಇರಲಿಲ್ಲ. ಕುರ್ಚಿಯಲ್ಲೇ ಕುಗ್ಗಿದೆ.

ಆಮೇಲೊಂದು ಸಂಜೆ ಸದ್ದು ನಿಂತುಬಿಡುತ್ತದೆ. ಸಂಗೀತವೂ ಇಲ್ಲ. ಮುದುಕಿ ಸೂರು ನೋಡುತ್ತಾ ನಿಲ್ಲುತ್ತಾಳೆ. ಮೇಲೇನೋ ಆಗಿದೆಯೆಂದು ಇಡೀ ಕಟ್ಟಡದಲ್ಲಿ ತಿಳಿದದ್ದು ಅವಳೊಬ್ಬಳಿಗೇ. ಕೋಲು ಹಿಡಿದು ಕತ್ತಲ ಮೆಟ್ಟಿಲು ಹತ್ತುತ್ತಾಳೆ. ಬಾಗಿಲ ಹಿಂದೆ ಯಾರೋ ಒಬ್ಬ ಗಂಡಸು ತಾಯಿಯನ್ನೂ ಮಗುವನ್ನೂ ಕೂಡಿಹಾಕಿದ್ದಾನೆ. ಅಜ್ಜಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಆಗ. ಕೊನೆಗೆ ಬಿಡಿಸಿಕೊಂಡ ಮಗು ದಡದಡ ಓಡಿದಾಗ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು. ಅಷ್ಟು ಹೊತ್ತು ಹೆದರಿಸಿದ್ದ ಸದ್ದನ್ನೇ ಕಿವಿಗೆ ಇಂಪಾಗಿಸಿದ್ದಳು, ಈಗಲೂ ನನ್ನ ಮನೆಗೆ ಬಂದು ತಟ್ಟೆಗೂ ಹಾಕಿಕೊಳ್ಳದೆ ಪಾತ್ರೆಯಿಂದಲೇ ಊಟ ಮಾಡುವ ನನ್ನ ತಂಗಿ!

ದೀಪ ಹತ್ತಿತು. ಅಜ್ಜಿ ಕಣ್ಣೊರೆಸಿಕೊಂಡು ಬೊಗ್ಯೊಂಗಳನ್ನು ಕರೆದರು.

"ಕುಟ್ಟೋದು ಸರಿಯಾಗಿ ಬಂದಿಲ್ಲ ಕಣಮ್ಮ. ನಾನು ಇನ್ನೂ ಜೋರಾಗಿ ಕುಟ್ತೀನಿ."

"ಹೌದು, ನಮ್ಮನೆ ಲೋಟ ಅಲ್ಲಾಡತ್ತೆ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಅಜ್ಜಿ ನಕ್ಕುಬಿಟ್ಟರು.

"ಮೊನ್ನೆ ನಿನ್ನ ಮಗಳು ಓಡ್ಲೇ ಇಲ್ಲ, ಯಾಕೆ?"

"ಜ್ವರ ಇತ್ತು ಅಜ್ಜಿ."

"ಹಂಗೇ ಅನ್ಕೊಂಡೆ. ಕೇಳೋಕೆ ನಾಚಿಕೆ ಆಯ್ತು." ಮತ್ತೆ ಹೇಳಿದರು: "ಮಧ್ಯಾಹ್ನ ನಾನು ಬೀದಿ ಕೊನೇಲಿರೋ ಬಿಸಿನೀರಿನ ಸ್ನಾನದ ಮನೆಗೆ ಹೋಗ್ತೀನಿ. ಆಗ ಎಷ್ಟು ಬೇಕಾದ್ರೂ ಓಡ್ಲಿ. ಹೊರಡೋವಾಗ ನಾನೇ ಬಂದು ನಿನ್ನ ಬಾಗಿಲು ತಟ್ತೀನಿ."