ಹೊಲಿಗೆಯ ಮೇಲಿನ ಮೊಟ್ಟೆಗಳು

ಬೆಳಕು ಹರಿಯುತ್ತಲೇ ತಂಗಿ ಕ್ಯಾಮೆರಾ ಹಿಡಿದು ಕೆರೆಯ ಕಡೆಯ ಜಗುಲಿಗೆ ಬಂದಳು. ಪತಂಗಗಳನ್ನು ಸೆಳೆಯಲು ರಾತ್ರಿ ತಾನೇ ದೀಪದ ಹಿಂದೆ ಇಳಿಬಿಟ್ಟಿದ್ದ ಬಿಳಿ ಬಟ್ಟೆಯ ಮೇಲೆ ಅವು ರೆಕ್ಕೆ ಮಡಚಿ ಕೂತಿದ್ದವು. ಕೆಲವು ತರಗೆಲೆಯಂಥವು, ಒಂದು ಪೆನ್ಸಿಲ್ ಹೆರೆದ ಸಿಪ್ಪೆಯಂಥದ್ದು. ವರ್ಷವಿಡೀ ಪ್ರಯೋಗಾಲಯದಲ್ಲಿ ನೀರಿನ ಸೀಸೆ ನೋಡುವ ಅವಳಿಗೆ ಬೇಸಿಗೆಯಲ್ಲಿ ಅಕ್ಕನ ಮನೆಯ ಈ ನಾಲ್ಕು ದಿನವೇ ಸುಖ. ನಾಳೆ ಹೊರಡಬೇಕು.

ಬಟ್ಟೆ ಹೊಲಿದು ಬದುಕುವ ಅಕ್ಕ ಕಾಫಿ ತಂದವಳು ಅಲ್ಲೇ ನಿಂತಳು. "ಅಮ್ಮನ ದುಪ್ಪಟಿ ಅಲ್ವೇನೇ ಅದು?"

"ಪೆಟ್ಟಿಗೇಲಿ ಬಿಳೀದು ಅದೊಂದೇ ಇತ್ತು."

"ನಾನೇ ಒಂದು ದಿನ ಹೊದ್ದಿಲ್ಲ. ನಿನ್ನ ಹುಳಕ್ಕೆ ಹಾಸಿಕೊಟ್ಯಾ?"

ಅಕ್ಕನ ಕಣ್ಣು ಕಂದು ನೂಲಿನ ಹೊಲಿಗೆಯನ್ನು ಹುಡುಕಿತು. ಕಣ್ಣು ಮಂಜಾದ ಮೇಲೆ ಅಮ್ಮ ಅಂಕುಡೊಂಕಾಗಿ ಹಾಕಿದ್ದು ಅದು. ಬಿಚ್ಚಿ ಸರಿಮಾಡಲು ಅಕ್ಕನಿಗೆ ಎಂದೂ ಮನಸ್ಸು ಬಂದಿರಲಿಲ್ಲ. ಈಗ ಅದರುದ್ದಕ್ಕೂ ಸಾಸಿವೆಗಿಂತ ಸಣ್ಣ ಹಸಿರು ಮೊಟ್ಟೆಗಳು. ಅವಳು ಉಗುರು ಹಾಕಿದಳು.

ತಂಗಿ ಕೈ ಹಿಡಿದಳು. "ಬೇಡ ಅಕ್ಕ. ಅಂಟು ಗಟ್ಟಿ, ಹಳೇ ನೂಲೂ ಕಿತ್ಕೊಂಡು ಬರುತ್ತೆ. ಮರಿ ಹೊರಬಂದ್ರೆ ಸಿಪ್ಪೆ ಬ್ರಷ್‌ನಲ್ಲಿ ಉದುರಿಸಬಹುದು."

"ಮರಿ ಬಟ್ಟೆ ತಿನ್ನಲ್ವಾ?"

"ಇವು ಎಲೆ ತಿನ್ನೋವು. ಹುಟ್ಟಿದ ಕೂಡಲೇ ಗಿಡಕ್ಕೆ ಬಿಡಬೇಕು. ಒಂದು ವಾರ, ಹತ್ತು ದಿನ ಕಾಯಬೇಕು."

"ನೀನು ನಾಳೆ ಬಸ್ ಹತ್ತುತ್ತೀಯ. ಇವುಗಳ ಬಾಣಂತನ ನಾನು ಮಾಡ್ಬೇಕಾ?"

ತಂಗಿ ನಕ್ಕಳು. ಅಕ್ಕ ನಗಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗಲೂ ತಂಗಿ ಹೀಗೇ ನಾಲ್ಕು ದಿನ ಇದ್ದು ಬಸ್ ಹತ್ತಿದ್ದಳು. ಆ ಮಾತನ್ನು ಅಕ್ಕ ಈವರೆಗೆ ಆಡಿರಲಿಲ್ಲ. ಈಗಲೂ ಹೊಲಿಗೆಯ ತುದಿಯನ್ನು ಬೆರಳಲ್ಲಿ ಸವರುತ್ತ ನಿಂತಳು.

ತಂಗಿ ಕ್ಯಾಮೆರಾ ಎತ್ತಿ ಹೊಲಿಗೆಗೆ ಗುರಿಯಿಟ್ಟಳು. ಮೊಟ್ಟೆಗಳಿಗಿಂತ ಮೊದಲು ನೂಲೇ ಸ್ಪಷ್ಟವಾಯಿತು. ಒಂದೊಂದು ಗಂಟನ್ನೂ ಅಮ್ಮ ಬೆರಳಲ್ಲಿ ತಡವಿ ತಡವಿ ಬಿಗಿದದ್ದು ಕಾಣುತ್ತಿತ್ತು. ಆಗ ತಾನೆಲ್ಲಿದ್ದೆ ಎಂದು ನೆನೆಯಲು ಹೋಗಿ, ಫೋಟೊ ತೆಗೆಯುವುದನ್ನೇ ಮರೆತಳು.

ಪ್ರಯೋಗಾಲಯ ತೆರೆಯುವ ಹೊತ್ತಿಗೆ ಮೇಲಧಿಕಾರಿಗೆ ಫೋನ್ ಮಾಡಿದಳು. "ರಜೆ ಮುಂದುವರಿಸಬೇಕು ಸರ್. ಮನೇಲಿ ಬಾಣಂತನ."

"ಯಾರದು ಅಂತ ಕೇಳಿದ್ರಾ?" ಒಳಗಿಂದ ಅಕ್ಕ ಕೇಳಿದಳು.

"ಹೂಂ. ಅಕ್ಕನ ಮನೇಲಿ ಅಂದೆ."

"ಐವತ್ತೆಂಟನೇ ವಯಸ್ಸಲ್ಲಿ ನನ್ನ ಮಾನ ಕಳೆದ್ಯಲ್ಲೇ."

ಹಾಗೆನ್ನುತ್ತಲೇ ಅಕ್ಕ ಹೊಲಿಗೆ ಯಂತ್ರವನ್ನು ಎಳೆದು ತಂದು, ದುಪ್ಪಟಿ ಕಣ್ಣಿಗೆ ಬೀಳುವಂತೆ ಜಗುಲಿಯ ಬಾಗಿಲಲ್ಲಿ ಹಾಕಿಕೊಂಡಳು. ಪಕ್ಕದಲ್ಲಿ ಇನ್ನೊಂದು ಕುರ್ಚಿಗೂ ಜಾಗ ಬಿಟ್ಟಿದ್ದಳು.