ಹೆಚ್ಚಿಗಿದ್ದ ಒಂದು ಕಾಲಾಳು

ಮಾರೇನಹಳ್ಳಿಯ ಚನ್ನಕೇಶವ ಅವರು ತಮ್ಮ ಮಹಡಿ ಮನೆಯನ್ನು ಬಾದಾಮಿ ಕಡೆಯ ರಾಚಪ್ಪನಿಗೆ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟಿದ್ದರು. ಆ ಹನ್ನೊಂದು ತಿಂಗಳಲ್ಲಿ ಒಂದು ಭಾನುವಾರವೂ ಚದುರಂಗದಲ್ಲಿ ಅವನನ್ನು ಸೋಲಿಸಲು ಆಗಿರಲಿಲ್ಲ. ಇವತ್ತು ಕರಾರು ಮುಗಿದು, ಕೆಂಗೇರಿ ಉಪನಗರಕ್ಕೆ ಹೊರಟ ಟೆಂಪೋದೊಳಗೆ ಬೀರು, ಫ್ರಿಜ್ ಎಲ್ಲ ಏರಿಯಾಗಿತ್ತು. ಉಳಿದದ್ದು ವರಾಂಡದಲ್ಲಿದ್ದ ಚದುರಂಗದ ಮಣೆ, ಅದರ ಮೇಲೆ ಕೊನೆಯ ಆಟ.

ಈ ಸಲ ಲಕ್ಷಣ ಬೇರೆಯಿತ್ತು. ಇಬ್ಬರಿಗೂ ರಾಜನ ಜೊತೆ ಒಂದೊಂದು ಆನೆ. ಚನ್ನಕೇಶವರಿಗೆ ಮಾತ್ರ ಒಂದು ಕಾಲಾಳು ಹೆಚ್ಚು. ಅದರ ಬೆನ್ನಿಗೆ ಆನೆ ನಿಲ್ಲಿಸಿಕೊಂಡು, ಖಾತಾ ಫೈಲನ್ನು ಟೇಬಲ್ಲಿನಿಂದ ಟೇಬಲ್ಲಿಗೆ ದಾಟಿಸುವವರಂತೆ ಒಂದೊಂದೇ ಮನೆ ತಳ್ಳುತ್ತಿದ್ದರು.

“ರೀ, ಟೆಂಪೋದಂವ ಹಾರ್ನ್ ಹೊಡ್ಯಾಕತ್ತಾನ!” ರಾಚಪ್ಪನ ಹೆಂಡತಿ ಪಾರವ್ವ ಗೇಟಿನಿಂದ ಕೂಗಿದಳು.

“ಹನ್ನೊಂದು ತಿಂಗಳು ಕಾದಿದೀನಿ. ಐದು ನಿಮಿಷ ಇರಮ್ಮ,” ಎಂದರು ಚನ್ನಕೇಶವ.

ಒಳಗಿನಿಂದ ಅವರ ಹೆಂಡತಿ ವಿಮಲಮ್ಮ, “ಬೇಗ ಸೋತು ಕಳಿಸ್ಕೊಡಿ ಅಂದ್ರೆ! ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಅವ್ರು ಅಲ್ಲಿ ಹಾಲುಕ್ಕಿಸ್ಬೇಕು.”

ಕಾಲಾಳು ಕೊನೆಯ ಮನೆ ಮುಟ್ಟಿತು. ಚನ್ನಕೇಶವರ ಕೈ ಸತ್ತ ಮಂತ್ರಿಯತ್ತ ಹೋಯಿತು.

“ಹಂಗ ಬರಂಗಿಲ್ರೀ ಸರ,” ರಾಚಪ್ಪ ತಡೆದ. “ಅದು ಆಟದ ಸುರುವಿಗೆ ಕುದುರಿ ನಿಲ್ಲೂ ಮನಿ. ಅಲ್ಲಿಗೆ ಬಂದದ್ದು ಕುದುರಿನಽ ಆಗ್ಬೇಕು. ನಮ್ಮಜ್ಜನ ಕಾಲದ ರೂಲು.”

“ಪ್ರಪಂಚದಲ್ಲೆಲ್ಲ ಮಂತ್ರಿನೇ ಕಣ್ರೀ ಆಗೋದು! ನಮ್ಮನೆ ವರಾಂಡದಲ್ಲಿ ಕೂತ್ಕೊಂಡು ನಂಗೇ ರೂಲ್ ಹೇಳ್ತೀರಾ?”

“ಮನಿ ನಿಮ್ದರೀ. ಮಣಿ ನಮ್ದು.”

ಈ ರೂಲು ಇದುವರೆಗೆ ಒಮ್ಮೆಯೂ ತಲೆಯೆತ್ತಿರಲಿಲ್ಲ. ಚನ್ನಕೇಶವರ ಯಾವ ಕಾಲಾಳೂ ಅಷ್ಟು ದೂರ ಬದುಕಿರಲಿಲ್ಲ.

ರಾಚಪ್ಪ ಕಾಯಿ ತುಂಬುವ ಡಬ್ಬಿ ತೆರೆದ. “ಒಲ್ಲೆ ಅಂದ್ರ ಡ್ರಾ ಅನ್ರಿ, ಹೊಂಡ್ತೀನಿ.”

ಡ್ರಾ ಎಂದರೆ ಗೆಲುವಲ್ಲ. ಚನ್ನಕೇಶವ ಹಲ್ಲು ಕಚ್ಚಿ ಕುದುರೆಯನ್ನೇ ಕುಕ್ಕಿದರು. ಕುಕ್ಕಿದ ಕೈ ಅಲ್ಲೇ ನಿಂತಿತು. ಕುದುರೆಯ ಒಂದು ಹಾರಿಕೆಗೆ ರಾಚಪ್ಪನ ರಾಜ, ಇನ್ನೊಂದು ಹಾರಿಕೆಗೆ ರಾಚಪ್ಪನ ಆನೆ.

“ಚೆಕ್,” ಎಂದರು ಮೆಲ್ಲಗೆ, ದೇವರಮನೆಯಲ್ಲಿ ಮಾತಾಡಿದಂತೆ.

ರಾಜ ಸರಿಯಲೇಬೇಕು, ಸರಿದರೆ ಆನೆ ಹೋಗುತ್ತದೆ. ಟೆಂಪೋ ಎರಡು ಸಲ ಹಾರ್ನ್ ಹೊಡೆಯುವಷ್ಟು ಹೊತ್ತು ರಾಚಪ್ಪ ಮಣೆ ನೋಡಿದ. ಆಮೇಲೆ ಸತ್ತ ಮಂತ್ರಿಯನ್ನೆತ್ತಿ, ಅಂಗಿಗೆ ಒರೆಸಿ, ವಿನಯದಿಂದ ಮುಂದೆ ಹಿಡಿದ.

“ಸರ, ನೀವು ಹೇಳಿದ್ದಽ ಖರೇ ಅನಸ್ತದ. ಹಿರ್ಯಾರು ನೀವು. ಮಂತ್ರಿನಽ ಇಟ್ಕೊಳ್ರಿ.”

ಚನ್ನಕೇಶವ ಕಾಲ ಮೇಲೆ ಕಾಲು ಹಾಕಿದರು.

“ಅಜ್ಜನ ರೂಲು ಮೀರೋಕಾಗುತ್ತೇನ್ರೀ? ಮಣೆ ನಿಮ್ದು.”